ಕಾರ್ಬನ್ ದೋಟಿ, ಕಾರ್ಬನ್ ನಳಿಗೆ ಮತ್ತು ಬಿಸಿಯಾಗದ ಎಕ್ಸ್‌-ರೇ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಕಳೆದ ತಿಂಗಳು ಅಮ್ಮ ಅಂಗಳದಲ್ಲಿ ಜಾರಿ ಬಿದ್ದರು. ಸೊಂಟದ ಎಕ್ಸ್‌-ರೇ ತೆಗೆಸೋಕೆ ಆ ನೋವಿನಲ್ಲೇ ಅವರನ್ನು ಶಿವಮೊಗ್ಗದವರೆಗೆ ಕರೆದುಕೊಂಡು ಹೋಗಬೇಕಾಯಿತು. ಕಾರ್ಬನ್ ನ್ಯಾನೋಟ್ಯೂಬ್ ಹಾಕಿದ ಹೊಸ ಎಕ್ಸ್‌-ರೇ ಯಂತ್ರ ಬಂದಿದೆಯಂತೆ, ಬಿಸಿಯೇ ಆಗಲ್ಲವಂತೆ, ಮನೆ ಬಾಗಿಲಿಗೇ ತರಬಹುದಂತೆ. ನಿಜವಾ? ನಾವು ಅಡಿಕೆ ಕೊನೆ ಕೊಯ್ಯುವ ಉದ್ದನೆಯ ಕಾರ್ಬನ್ ದೋಟಿಯೂ ಅದೇ ಕಾರ್ಬನ್ನಾ? ಇನ್ನೊಂದು, ಮಗಳು ಎಸ್ಸೆಸ್ಸೆಲ್ಸಿ. ಕರ್ಪೂರ ಸುಟ್ಟರೆ ನ್ಯಾನೋಟ್ಯೂಬ್ ಆಗುತ್ತೆ, ಅದನ್ನೇ ಪ್ರಾಜೆಕ್ಟ್ ಮಾಡ್ತೀನಿ ಅಂತ ಕೂತಿದ್ದಾಳೆ. ಬಿಡಬಹುದಾ?

ಉತ್ತರ: ಮೊದಲು ದೋಟಿಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಉಳಿದ ಪ್ರಶ್ನೆಗಳಿಗೂ ಅದೇ ದೋಟಿ ಕೆಲಸಕ್ಕೆ ಬರುತ್ತದೆ.

ದೋಟಿಯಲ್ಲಿರುವುದು ಕಾರ್ಬನ್ ಫೈಬರ್. ತಲೆಕೂದಲಿಗಿಂತ ಹತ್ತು ಪಟ್ಟು ಸಣ್ಣ ಎಳೆಗಳು, ಒಂದೊಂದೂ ಸುಮಾರು 7 ಮೈಕ್ರಾನ್ ದಪ್ಪ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಅಂಥ ಸಾವಿರಾರು ಎಳೆಗಳನ್ನು ಅಂಟಿನಲ್ಲಿ ಅದ್ದಿ, ಕೊಳವೆಯ ಆಕಾರಕ್ಕೆ ಗಟ್ಟಿ ಮಾಡಿರುತ್ತಾರೆ. ದೋಟಿ ಟೊಳ್ಳು, ಆದರೆ ಒಳಗಿನ ಎಳೆ ಟೊಳ್ಳಲ್ಲ. ನ್ಯಾನೋಟ್ಯೂಬಿನಲ್ಲಿ ಹಾಗಲ್ಲ, ಎಳೆಯೇ ಟೊಳ್ಳು. ಕಾರ್ಬನ್ ಪರಮಾಣುಗಳು ಜೇನುರೊಟ್ಟಿಯ ಕಣ್ಣುಗಳ ಹಾಗೆ ಸೇರಿ ಒಂದೇ ಪರಮಾಣು ದಪ್ಪದ ಹಾಳೆಯಾಗುತ್ತವೆ. ಒಣಗಿದ ಅಡಿಕೆ ಹಾಳೆ ತಾನಾಗಿ ಸುರುಳಿ ಸುತ್ತಿಕೊಳ್ಳುವುದನ್ನು ನೋಡಿದ್ದೀರಲ್ಲ, ಆ ಹಾಳೆಯ ಅಂಚಿಗೆ ಅಂಚು ಬೆಸೆದರೆ ಬರುವ ಕೊಳವೆಯೇ ನ್ಯಾನೋಟ್ಯೂಬ್, ಕನ್ನಡದಲ್ಲಿ ನಳಿಗೆ ಅನ್ನೋಣ. ಹಾಗಂತ ಯಾರೂ ಕೂತು ಸುತ್ತುವುದಿಲ್ಲ. ಬೆಳೆಯುವಾಗಲೇ ಕೊಳವೆಯಾಗಿ ಬೆಳೆಯುತ್ತದೆ. ಒಂದರೊಳಗೊಂದು ಹತ್ತಿಪ್ಪತ್ತು ಕೊಳವೆಗಳು ಸೇರಿಕೊಂಡದ್ದೂ ಇರುತ್ತದೆ. ಎಕ್ಸ್‌-ರೇ ಹುಟ್ಟಬೇಕಾದರೆ ಎಲೆಕ್ಟ್ರಾನ್‌ಗಳು ಹೋಗಿ ಲೋಹಕ್ಕೆ ಗುದ್ದಬೇಕು. ಆ ಎಲೆಕ್ಟ್ರಾನ್ ಹೊರಡಿಸುವ ಕೆಲಸಕ್ಕೆ ಹೆಚ್ಚಾಗಿ ಬಳಸುವುದು ಈ ಪದರ ಪದರದ ಜಾತಿಯನ್ನೇ.

ಮೂಲ ಒಂದೇ, ಕಾರ್ಬನ್. ಆದರೆ ದೋಟಿಯ ಎಳೆಯನ್ನು ಕತ್ತರಿಸಿ ನ್ಯಾನೋಟ್ಯೂಬ್ ಮಾಡಲಾಗದು. ಎರಡಕ್ಕೂ ಸಾಮ್ಯ ಇರುವುದು ಅಳತೆಯ ಲೆಕ್ಕದಲ್ಲಿ. 60 ಅಡಿ ಉದ್ದದ ದೋಟಿ, ದಪ್ಪ ಸರಾಸರಿ ಒಂದೂವರೆ ಇಂಚು ಅಂತ ಇಟ್ಟುಕೊಳ್ಳಿ. ಉದ್ದ ದಪ್ಪದ 480 ಪಟ್ಟು ಆಯಿತು. ಪ್ರಯೋಗಾಲಯದಲ್ಲಿ ಸಿಗುವ ಒಂದು ಸಾಧಾರಣ ನ್ಯಾನೋಟ್ಯೂಬ್ 20 ನ್ಯಾನೋಮೀಟರ್ (ನ್ಯಾನೋಮೀಟರ್ ಅಂದರೆ ಮೈಕ್ರಾನಿನ ಸಾವಿರದಲ್ಲೊಂದು ಪಾಲು) ದಪ್ಪ, 10 ಮೈಕ್ರಾನ್ ಉದ್ದ ಇರುತ್ತದೆ. ಅಲ್ಲಿಗೆ 500 ಪಟ್ಟು. ನೀವು ತೋಟದಲ್ಲಿ ಎತ್ತಿ ಹಿಡಿಯುವ ದೋಟಿಯನ್ನೇ ಕುಗ್ಗಿಸುತ್ತಾ ಹೋಗಿ, ಅಂಥ ನಾಲ್ಕು ಸಾವಿರ ದೋಟಿಗಳನ್ನು ಒತ್ತಿಟ್ಟರೂ ಒಂದು ಕೂದಲಿನಷ್ಟೇ ದಪ್ಪ ಆಗುವ ಹಾಗೆ ಮಾಡಿದರೆ, ಅದೇ ಈ ನಳಿಗೆಯ ಆಕಾರ. ಎಲೆಕ್ಟ್ರಾನಿನ ಕಥೆ ನಿಂತಿರುವುದು ಈ ಆಕಾರದ ಮೇಲೆ.

ಲೋಹದೊಳಗೆ ಎಲೆಕ್ಟ್ರಾನ್‌ಗಳು ಆರಾಮಾಗಿ ಓಡಾಡಿಕೊಂಡಿರುತ್ತವೆ, ಹೊರಗೆ ಮಾತ್ರ ಬರುವುದಿಲ್ಲ. ತೋಟದ ಸುತ್ತ ಧರೆ, ಅಂದರೆ ಮಣ್ಣಿನ ದಿಬ್ಬ, ಇದ್ದ ಹಾಗೆ ಅವಕ್ಕೂ ಒಂದು ಧರೆ ಇದೆ. ಟಂಗ್‌ಸ್ಟನ್ ಲೋಹದಲ್ಲಿ ಅದರ ಎತ್ತರ ಸುಮಾರು 4.5 ಎಲೆಕ್ಟ್ರಾನ್ ವೋಲ್ಟ್ (ಇದು ಎಲೆಕ್ಟ್ರಾನಿನ ಶಕ್ತಿ ಅಳೆಯುವ ಮಾನ). ಅದನ್ನು ದಾಟಿಸಲು ಹಳೆಯ ಉಪಾಯ ಒಂದೇ: ಕಾಯಿಸುವುದು. ಎರಡು ಸಾವಿರ ಡಿಗ್ರಿ ದಾಟಿಸಿ ಕಾಯಿಸಿದರೆ ಕೆಲವು ಎಲೆಕ್ಟ್ರಾನ್‌ಗಳಿಗೆ ಧರೆ ಹಾರುವಷ್ಟು ಹುಮ್ಮಸ್ಸು ಬರುತ್ತದೆ. ಶಿವಮೊಗ್ಗದಲ್ಲಿ ನಿಮ್ಮ ತಾಯಿಯವರ ಸೊಂಟದ ಚಿತ್ರ ತೆಗೆದ ಯಂತ್ರದೊಳಗೂ ಅಂಥ ಒಂದು ಟಂಗ್‌ಸ್ಟನ್ ಸುರುಳಿ ಕಾದಿರುತ್ತದೆ. ಹಳೆಯ ಡಬ್ಬಾ ಟೀವಿ ಹಾಕಿದ ಮೇಲೆ ಚಿತ್ರ ಮೂಡುವವರೆಗೆ ಸ್ವಲ್ಪ ಹೊತ್ತು ಕಾಯಬೇಕಿತ್ತಲ್ಲ, ಅದೂ ಇದೇ ಕಾರಣಕ್ಕೆ. ಹಿಂದುಗಡೆ ಒಂದು ಕ್ಯಾಥೋಡ್, ಅಂದರೆ ಎಲೆಕ್ಟ್ರಾನ್ ಹೊರಡಿಸುವ ತುದಿ, ಬಿಸಿಯಾಗಬೇಕಿತ್ತು.

ಎರಡನೇ ಉಪಾಯ, ಹಾರಿಸುವುದು ಬೇಡ, ಧರೆಯನ್ನೇ ತೆಳುವಾಗಿಸುವುದು. ಹೊರಗಿನಿಂದ ಜೋರಾದ ವಿದ್ಯುತ್ ಕ್ಷೇತ್ರ ಕೊಟ್ಟರೆ ಧರೆಯ ಹೊರಮೈ ಇಳಿಜಾರಾಗಿ ಕುಸಿಯುತ್ತದೆ. ದಪ್ಪ ಒಂದೆರಡು ನ್ಯಾನೋಮೀಟರಿಗೆ ಬಂತೆಂದರೆ ಎಲೆಕ್ಟ್ರಾನ್ ಅದರ ಮೂಲಕವೇ ತೂರಿ ಆಚೆ ಬಂದುಬಿಡುತ್ತದೆ. ತೂರಿ ಬಂತು ಅಂದರೆ ದನ ಬೇಲಿ ಮುರಿದು ಬಂದ ಹಾಗೆ ಅಂದುಕೊಳ್ಳಬೇಡಿ. ಧರೆಯಲ್ಲಿ ತೂತು ಬೀಳುವುದಿಲ್ಲ. ಎಲೆಕ್ಟ್ರಾನ್ ಬರೀ ಕಣ ಅಲ್ಲ, ಅಲೆಯೂ ಹೌದು. ಆ ಅಲೆಯ ಬಾಲ ಆಚೆ ಬದಿಗೂ ಚಾಚಿಕೊಂಡಿರುತ್ತದೆ. ನಮ್ಮ ಕಡೆಯ ಯಾವ ಹೋಲಿಕೆಯೂ ಇದಕ್ಕೆ ಪೂರ್ತಿ ಹೊಂದುವುದಿಲ್ಲ, ಇಷ್ಟಕ್ಕೇ ಬಿಡೋಣ. ಈ ಲೆಕ್ಕವನ್ನು ಫೌಲರ್ ಮತ್ತು ನಾರ್ಡ್‌ಹೈಮ್ 1928ರಲ್ಲೇ ಹಾಕಿಟ್ಟರು. ತಮಾಷೆ ನೋಡಿ, ಅದೇ 1928ನೇ ಸಾಲಿನ ಭೌತಶಾಸ್ತ್ರದ ನೊಬೆಲ್ ಹೋದದ್ದು ಬಿಸಿ ತಂತಿಯ ಲೆಕ್ಕ ಹಾಕಿದ ರಿಚರ್ಡ್‌ಸನ್ ಅವರಿಗೆ. ಬಿಸಿಯ ದಾರಿಗೆ ಮೊದಲ ಮಣೆ.

ತಣ್ಣಗಿನ ದಾರಿ ಇಷ್ಟು ವರ್ಷ ಯಾಕೆ ಹಿಂದುಳಿಯಿತು? ಬೇಕಾಗುವ ಕ್ಷೇತ್ರ ಅಷ್ಟು ಭಾರಿ. ಒಂದು ನ್ಯಾನೋಮೀಟರಿಗೆ ಸುಮಾರು 3 ವೋಲ್ಟ್. ಕೇಳಲು ಸಣ್ಣದು. ಮಿಲಿಮೀಟರಿಗೆ ಲೆಕ್ಕ ಹಾಕಿದರೆ 30 ಲಕ್ಷ ವೋಲ್ಟ್! ಚಪ್ಪಟೆ ಲೋಹಕ್ಕೆ ಅಷ್ಟು ಕೊಡುವುದು ಯಾರಿಂದಲೂ ಆಗುವ ಕೆಲಸವಲ್ಲ.

ದೋಟಿಯ ಆಕಾರ ಕೆಲಸಕ್ಕೆ ಬರುವುದು ಇಲ್ಲಿ. ಆಗುಂಬೆ ಕಡೆ ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಬಯಲಿನ ಒಂಟಿ ತೆಂಗಿನ ಮರಕ್ಕೇ ಸಿಡಿಲು ಬಡಿಯುವುದು ನಿಮಗೆ ಗೊತ್ತು. ಎತ್ತರವಾಗಿ, ಮೊನಚಾಗಿ ನಿಂತದ್ದರ ತುದಿಯಲ್ಲಿ ವಿದ್ಯುತ್ ಕ್ಷೇತ್ರ ಒತ್ತಿಕೊಂಡು ಬಲಿಯುತ್ತದೆ. ಎಷ್ಟು ಪಟ್ಟು? ಒರಟು ಲೆಕ್ಕದಲ್ಲಿ, ಎತ್ತರವನ್ನು ತುದಿಯ ತ್ರಿಜ್ಯದಿಂದ ಭಾಗಿಸಿದಷ್ಟು. ಮೇಲೆ ಹೇಳಿದ ನಳಿಗೆಗೆ ಅದು 10 ಮೈಕ್ರಾನ್ ಭಾಗಿಸು 10 ನ್ಯಾನೋಮೀಟರ್, ಅಂದರೆ 1,000 ಪಟ್ಟು. ಮಿಲಿಮೀಟರಿಗೆ 30 ಲಕ್ಷ ವೋಲ್ಟ್ ಬೇಕಿದ್ದ ಕಡೆ 3,000 ವೋಲ್ಟ್ ಸಾಕಾಯಿತು. ಇದು ಯಾವ ಕಾಲೇಜಿನ ಲ್ಯಾಬಿನಲ್ಲೂ ಸಿಗುವ ವೋಲ್ಟೇಜ್.

ಒಂದು ವಿಷಯ ತುಂಬಾ ಕಡೆ ತಪ್ಪಾಗಿ ಬರೆಯುತ್ತಾರೆ. ಕಾರ್ಬನ್ನಿಂದ ಎಲೆಕ್ಟ್ರಾನ್ ಸುಲಭವಾಗಿ ಹೊರಬರುತ್ತದೆ ಅಂತ. ಹಾಗೇನಿಲ್ಲ. ನ್ಯಾನೋಟ್ಯೂಬಿನ ಧರೆ ಟಂಗ್‌ಸ್ಟನ್ನಿನಷ್ಟೇ ಎತ್ತರ, ಸ್ವಲ್ಪ ಜಾಸ್ತಿಯೇ ಅನ್ನಿ. ಕೆಲಸ ಮಾಡುವುದು ಆಕಾರ. ಕಾರ್ಬನ್ನಿನ ಉಪಕಾರ ಇರುವುದು ಆ ಆಕಾರವನ್ನು ಉಳಿಸಿಕೊಳ್ಳುವುದರಲ್ಲಿ. ಲೋಹದ ಸೂಜಿ ಬಿಸಿಯಾದರೆ ಅದರ ಪರಮಾಣುಗಳು ಜಾರಾಡಿ ತುದಿ ಮೊಂಡಾಗುತ್ತದೆ. ಕಾರ್ಬನ್ ಪರಮಾಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ, ಜಾಗ ಬಿಟ್ಟು ಕದಲುವುದಿಲ್ಲ. ಜಪಾನಿನ ಸುಮಿಯೋ ಇಜಿಮಾ 1991ರಲ್ಲಿ ಈ ನಳಿಗೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದ ಮೇಲೆ ಜಗತ್ತಿನ ಕಣ್ಣು ಇದರ ಮೇಲೆ ಬಿತ್ತು. ಸೋವಿಯತ್ ವಿಜ್ಞಾನಿಗಳು 1952ರಲ್ಲೇ ಇಂಥ ಚಿತ್ರ ಅಚ್ಚು ಮಾಡಿದ್ದರು, ರಷ್ಯನ್ ಭಾಷೆಯಲ್ಲಿದ್ದದ್ದರಿಂದ ಹೊರಗೆ ಗಮನಿಸಿದವರು ಕಡಿಮೆ. 1995ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಸ್ಮಾಲಿ ಅವರ ತಂಡ ಮತ್ತು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿದ್ದ ಡಿ ಹೀರ್ ತಂಡ, ನಳಿಗೆಯ ತುದಿಯಿಂದ ತಣ್ಣಗೆ ಎಲೆಕ್ಟ್ರಾನ್ ಹೊರಡುವುದನ್ನು ತೋರಿಸಿದವು.

ಒಂದು ನಳಿಗೆಯಿಂದ ನೆಚ್ಚಿಕೊಳ್ಳುವಂತೆ ಸಿಗುವುದು ಮೈಕ್ರೋಆಂಪಿಯರ್ ಲೆಕ್ಕದ ಕರೆಂಟ್. ಆದ್ದರಿಂದ ಸಾವಿರ, ಲಕ್ಷ ನಳಿಗೆ ಒಟ್ಟಿಗೆ ಬೇಕು. ಹಾಗಾದರೆ ಒತ್ತೊತ್ತಾಗಿ ಬೆಳೆಸಿದರೆ ಆಯಿತಲ್ಲ ಅನ್ನಬಹುದು. ಇದರ ಮೇಲೆ ಕೆಲಸ ಮಾಡುತ್ತಿದ್ದ ನಾವೂ ಮೊದಲು ಹಾಗೇ ಅಂದುಕೊಂಡಿದ್ದೆವು. ಅಡಿಕೆ ಸಸಿಯನ್ನು ಒಂಬತ್ತು ಅಡಿಗೊಂದು ಯಾಕೆ ನೆಡುತ್ತೀರಿ? ಒತ್ತಾಗಿ ನೆಟ್ಟರೆ ಒಂದರ ಬಿಸಿಲನ್ನು ಇನ್ನೊಂದು ಕದಿಯುತ್ತದೆ. ನಳಿಗೆಗಳೂ ಅಷ್ಟೇ, ಒತ್ತಾಗಿ ನಿಂತರೆ ಒಂದರ ವಿದ್ಯುತ್ ಕ್ಷೇತ್ರವನ್ನು ಇನ್ನೊಂದು ಮರೆಮಾಡುತ್ತದೆ. ಒತ್ತೊತ್ತಾದ ನಳಿಗೆಗಳ ತಲೆಗಳೆಲ್ಲ ಸೇರಿ ವಿದ್ಯುತ್ತಿನ ಕಣ್ಣಿಗೆ ಒಂದು ಚಪ್ಪಟೆ ಮಾಳಿಗೆಯ ಹಾಗೆ ಕಾಣುತ್ತವೆ, ಮೊನಚು ಇದ್ದೂ ಇಲ್ಲದ ಹಾಗೆ. ಅಂಚಿನವು ಮಾತ್ರ ಕೆಲಸ ಮಾಡುತ್ತವೆ. ನಳಿಗೆಯ ಎತ್ತರದ ಒಂದರಿಂದ ಎರಡು ಪಟ್ಟು ಅಂತರ ಬಿಟ್ಟು ಬೆಳೆಸಿದರೆ ಒಳ್ಳೆಯದು ಅನ್ನುವುದು ಈಗ ಸಾಮಾನ್ಯ ಲೆಕ್ಕ.

ನಾನು ಪಿಎಚ್‌ಡಿ ಮಾಡುತ್ತಿದ್ದಾಗ ಕಂಡದ್ದನ್ನು ಹೇಳಿದರೆ ಇದು ಇನ್ನಷ್ಟು ಬಿಡಿಸಿ ಕಾಣುತ್ತದೆ. ಸ್ಟೀಲಿನ ಪಾತ್ರೆ, ಅದಕ್ಕೊಂದು ದಪ್ಪ ಗಾಜಿನ ಕಿಟಕಿ. ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು ತೆಗೆಯಲು ಒಂದು ದಿನ, ಒಂದು ರಾತ್ರಿ. ನಳಿಗೆ ಬೆಳೆಸಿದ ಉಗುರಿನಗಲದ ಸಿಲಿಕಾನ್ ತುಂಡು, ಅದರೆದುರು ಅರ್ಧ ಮಿಲಿಮೀಟರ್ ದೂರದಲ್ಲಿ ಎಲೆಕ್ಟ್ರಾನ್ ಬಡಿದರೆ ಹಸಿರಾಗಿ ಬೆಳಗುವ ಗಾಜು. ಕೋಣೆಯ ದೀಪ ಆರಿಸಿ ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತಾ ಹೋಗುವುದು. 1,000 ವೋಲ್ಟ್, ಏನೂ ಇಲ್ಲ. 1,400, ಏನೂ ಇಲ್ಲ. 1,600 ದಾಟಿದ ಮೇಲೆ ಒಂದು ಮೂಲೆಯಲ್ಲಿ ಒಂದು ಚುಕ್ಕಿ. ಮತ್ತೆರಡು. ಆರಿತು, ಮತ್ತೆ ಹತ್ತಿತು. ಮೇ ತಿಂಗಳ ಕೊನೆಗೆ ಮೊದಲ ಮಳೆ ಬಿದ್ದ ರಾತ್ರಿ ಹಳ್ಳದಂಚಿನ ಮರದಲ್ಲಿ ಮಿಂಚುಹುಳ ಕೂತ ಹಾಗೇ. ನಾನು ಸಾಗರದ ಕಡೆಯವನು, ನನಗೆ ಬೇರೆ ಹೋಲಿಕೆ ಹೊಳೆಯಲೇ ಇಲ್ಲ.

ಮಿನುಗುವುದು ಚಂದ ಕಂಡರೂ ಅದು ರೋಗದ ಲಕ್ಷಣ. ಪಾತ್ರೆಯಲ್ಲಿ ಉಳಿದ ಚೂರುಪಾರು ಗಾಳಿಯ ಅಣುಗಳು ನಳಿಗೆಯ ತುದಿಗೆ ಅಂಟಿ, ಬಿಟ್ಟು, ಅಂಟಿ ಮಾಡುತ್ತಿರುತ್ತವೆ. ಎಲೆಕ್ಟ್ರಾನ್ ಬಡಿದು ಅಯಾನುಗಳಾದ, ಅಂದರೆ ವಿದ್ಯುತ್ ಹೊತ್ತ, ಅಣುಗಳು ಹಿಂದಕ್ಕೆ ಓಡಿಬಂದು ತುದಿಯನ್ನೇ ಕೊರೆಯುತ್ತವೆ. ಎಲ್ಲಕ್ಕಿಂತ ಉದ್ದದ ನಳಿಗೆ ಎಲ್ಲರ ಪಾಲಿನ ಕರೆಂಟನ್ನೂ ತಾನೇ ಹೊತ್ತು, ಕಾದು, ಸುಟ್ಟುಹೋಗುತ್ತದೆ. ಆಮೇಲೆ ಅದರ ಪಕ್ಕದ್ದು. ಒಂದು ಸಂಜೆ ನಮ್ಮಲ್ಲಿ ಕರೆಂಟ್ ಹೋಯಿತು. ವೋಲ್ಟೇಜ್ ಕೊಡುವ ಪೆಟ್ಟಿಗೆ ಯುಪಿಎಸ್ ಮೇಲಿತ್ತು, ಪಂಪ್ ಇರಲಿಲ್ಲ. ಯಾರು ಹಾಗೆ ಜೋಡಿಸಿದ್ದು ಅಂದರೆ, ನಾನೇ. ಪಂಪ್ ನಿಂತು ಒಳಗಿನ ಒತ್ತಡ ಏರಿತು. 'ಟಕ್' ಅಂತ ಒಂದೇ ಸದ್ದು, ಕಿಟಕಿಯಲ್ಲಿ ನೀಲಿ ಬೆಳಕು. ಪಾತ್ರೆ ತೆರೆದು ನೋಡಿದರೆ ನಾಲ್ಕು ತಿಂಗಳ ಕೆಲಸದ ಜಾಗದಲ್ಲಿ ಸುಟ್ಟ ಅಪ್ಪಳದ ಕಲೆಯಂಥ ಒಂದು ಕರಿ ಗುರುತು ಉಳಿದಿತ್ತು.

ಈಗ ನಿಮ್ಮ ಎಕ್ಸ್‌-ರೇ ಯಂತ್ರಕ್ಕೆ ಬರೋಣ. ಅಂಥ ಯಂತ್ರ ಇರುವುದು ನಿಜ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಓಟೋ ಝೌ ಅವರ ತಂಡ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇದರ ಮೇಲೆ ಕೆಲಸ ಮಾಡಿದೆ. ಆಸ್ಟ್ರೇಲಿಯಾದ ಮೈಕ್ರೋ-ಎಕ್ಸ್ ಎಂಬ ಕಂಪನಿ ನ್ಯಾನೋಟ್ಯೂಬ್ ಕ್ಯಾಥೋಡ್ ಇರುವ, ವಾರ್ಡಿನಿಂದ ವಾರ್ಡಿಗೆ ತಳ್ಳಿಕೊಂಡು ಹೋಗುವ ಎಕ್ಸ್‌-ರೇ ಗಾಡಿಯನ್ನು ಮಾರುಕಟ್ಟೆಗೆ ತಂದಿದೆ. ಮಾಮೂಲಿ ಗಾಡಿಗಿಂತ ತುಂಬಾ ಹಗುರ.

ಆದರೆ 'ಬಿಸಿಯೇ ಆಗಲ್ಲ' ಅನ್ನುವುದು ಅರ್ಧ ಸತ್ಯ. ಎಕ್ಸ್‌-ರೇ ನಳಿಕೆಯಲ್ಲಿ (ಎಕ್ಸ್‌-ರೇ ಹುಟ್ಟುವ ಟ್ಯೂಬ್ ಇದು, ನ್ಯಾನೋ ನಳಿಗೆಯಲ್ಲ) ಎರಡು ಕೊನೆ. ಒಂದು ಕೊನೆಯಿಂದ ಎಲೆಕ್ಟ್ರಾನ್ ಹೊರಡುತ್ತದೆ, ಇನ್ನೊಂದು ಕೊನೆಯ ಲೋಹಕ್ಕೆ ಹೋಗಿ ಗುದ್ದುತ್ತದೆ. ಆ ಗುದ್ದಿನ ಶಕ್ತಿಯಲ್ಲಿ ಎಕ್ಸ್‌-ರೇ ಆಗುವುದು ನೂರಕ್ಕೆ ಒಂದು ಪಾಲು, ಉಳಿದ 99 ಪಾಲು ಬರೀ ಶಾಖ. ನ್ಯಾನೋಟ್ಯೂಬ್ ತಣ್ಣಗಿಡುವುದು ಹೊರಡುವ ಕೊನೆಯನ್ನು ಮಾತ್ರ. ಗುದ್ದಿಸಿಕೊಳ್ಳುವ ಕೊನೆ ಮೊದಲಿನಷ್ಟೇ ಕಾಯುತ್ತದೆ. ಕರೆಂಟ್ ಉಳಿತಾಯದ ಮಾತೂ ಹಾಗೇ. ಬಿಸಿ ಸುರುಳಿ (ಫಿಲಮೆಂಟ್) ತಿನ್ನುವುದು ಹತ್ತಾರು ವಾಟ್. ಚಿತ್ರ ತೆಗೆಯುವ ಆ ಕ್ಷಣದಲ್ಲಿ ನಳಿಕೆ ಎಳೆಯುವುದು ಕಿಲೋವಾಟ್‌ಗಟ್ಟಲೆ. ಇನ್ನೊಂದು, ಹೊರಬರುವ ಎಕ್ಸ್‌-ರೇ ಹಳೆಯದೂ ಹೊಸದೂ ಒಂದೇ. ತಣ್ಣಗಿನ ಯಂತ್ರ ಅಂತ ಹತ್ತಿರ ನಿಲ್ಲುವ ಹಾಗಿಲ್ಲ. ಸೀಸದ ಏಪ್ರನ್ ಬೇಕೇ ಬೇಕು, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸೂ ಬೇಕು.

ಹಾಗಾದರೆ ಲಾಭ ಎಲ್ಲಿ? ನನ್ನ ಪ್ರಕಾರ ಎರಡೇ ಕಡೆ. ಒಂದು, ಸ್ವಿಚ್. ಬಿಸಿ ತಂತಿಯನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಕಾಯಿಸಿ ಆರಿಸಲಾಗದು. ನ್ಯಾನೋಟ್ಯೂಬಿನೆದುರು ಒಂದು ಲೋಹದ ಜಾಲರಿ ಇಟ್ಟು, ಅದರ ವೋಲ್ಟೇಜ್ ಏರಿಸಿದರೆ ಎಲೆಕ್ಟ್ರಾನ್ ಬರುತ್ತದೆ, ಇಳಿಸಿದರೆ ನಿಲ್ಲುತ್ತದೆ, ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ. ಉಸಿರಾಡುವ ಇಲಿಯ ಎದೆಯನ್ನು, ಉಸಿರಿನ ಅದೇ ಘಟ್ಟದಲ್ಲಿ ಮತ್ತೆ ಮತ್ತೆ ಚಿತ್ರ ತೆಗೆದು ಸಿಟಿ ಸ್ಕ್ಯಾನ್ ಮಾಡಿದ್ದು ಹೀಗೆ. ಎರಡನೆಯದು, ಸಾಲು. ಹತ್ತಾರು ತಣ್ಣಗಿನ ಮೂಲಗಳನ್ನು ಒಂದೇ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ ಒಂದಾದ ಮೇಲೊಂದು ಹೊತ್ತಿಸಬಹುದು. ಮಾಮೂಲಿ ಯಂತ್ರದಲ್ಲಿ ಬೇರೆ ಬೇರೆ ಕೋನದ ಚಿತ್ರ ಬೇಕಿದ್ದರೆ ಭಾರದ ನಳಿಕೆಯೇ ಕಮಾನಿನಲ್ಲಿ ಸುತ್ತಬೇಕು, ಅದು ಸುತ್ತುವಾಗ ಚಿತ್ರ ಮಸುಕಾಗುತ್ತದೆ. ಸಾಲಿನ ಮೂಲದಲ್ಲಿ ಏನೂ ಕದಲುವುದಿಲ್ಲ. ಸ್ತನ ಕ್ಯಾನ್ಸರ್ ತಪಾಸಣೆಗೆ ಇಂಥ ಯಂತ್ರ ಮಾಡಿ ಪರೀಕ್ಷಿಸಿದ್ದಾರೆ. ನನಗೆ ಇದರಲ್ಲಿ ಹೆಚ್ಚು ಭರವಸೆ, ಗಾಡಿಗಿಂತ.

ಮನೆ ಬಾಗಿಲಿಗೆ ಎಕ್ಸ್‌-ರೇ ತರಲು ನ್ಯಾನೋಟ್ಯೂಬೇ ಬೇಕೆಂದಿಲ್ಲ. ಟಿಬಿ ತಪಾಸಣೆಗೆ ಊರೂರಿಗೆ ಒಯ್ಯುವ, ಕೈಯಲ್ಲಿ ಹಿಡಿಯುವಂಥ ಯಂತ್ರಗಳು ಈಗಾಗಲೇ ಇವೆ. ಅವುಗಳಲ್ಲಿ ಹೆಚ್ಚಿನವು ಹಳೆಯ ಬಿಸಿ ತಂತಿಯವೇ. ಆದರೆ ಎದೆಯಲ್ಲಿರುವುದು ಬಹುಪಾಲು ಗಾಳಿ, ಚಿತ್ರ ಸುಲಭ. ಸೊಂಟ ಹಾಗಲ್ಲ. ದಪ್ಪ ಮಾಂಸ, ದಪ್ಪ ಮೂಳೆ ದಾಟಬೇಕು, ಜಾಸ್ತಿ ಎಕ್ಸ್‌-ರೇ ಬೇಕು. ಹಾಗಾಗಿ ಅಮ್ಮನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದದ್ದು ಸರಿಯೇ ಆಯಿತು.

ಉಳಿದ ಉಪಯೋಗಗಳನ್ನು ಬೇಗ ಹೇಳುತ್ತೇನೆ. ಟೀವಿ: 1999ರಲ್ಲಿ ಸ್ಯಾಮ್‌ಸಂಗ್‌ನವರು ನ್ಯಾನೋಟ್ಯೂಬ್ ಬಳಸಿದ 4.5 ಇಂಚಿನ ಪರದೆ ಮಾಡಿ ತೋರಿಸಿದಾಗ ಇನ್ನು ಮನೆ ಮನೆಯಲ್ಲೂ ಇದೇ ಅಂತ ಎಲ್ಲರೂ ಬರೆದರು. ಅಷ್ಟರಲ್ಲಿ ಎಲ್‌ಸಿಡಿ ಅಗ್ಗವಾಯಿತು, ಕಥೆ ಮುಗಿಯಿತು. ದೀಪ: ಎಲ್‌ಇಡಿ ಎದುರು ನಿಲ್ಲಲಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಒಂದೇ ನಳಿಗೆಯ ತುದಿ ಬಹಳ ಚೊಕ್ಕವಾದ ಕಿರಣ ಕೊಡುತ್ತದೆ. ಉಪಗ್ರಹಗಳಲ್ಲಿ ಸಿಗ್ನಲ್ ಹಿಗ್ಗಿಸುವ ಮೈಕ್ರೋವೇವ್ ಟ್ಯೂಬಿಗೂ ಪ್ರಯತ್ನ ನಡೆದಿದೆ. ಅಲ್ಲಿ ಬೇಕಾಗುವ ಕರೆಂಟ್ ಜಾಸ್ತಿ, ಬಾಳಿಕೆ ವರ್ಷಗಟ್ಟಲೆ, ಹಾಗಾಗಿ ಬಿಸಿ ಕ್ಯಾಥೋಡಿನ ಜಾಗ ಇನ್ನೂ ಗಟ್ಟಿ. ನನಗೆ ಇಷ್ಟವಾದದ್ದು ಬೇರೆಯೇ. 2015ರ ಡಿಸೆಂಬರಿನಲ್ಲಿ ಹಾರಿದ ಲೀಸಾ ಪಾಥ್‌ಫೈಂಡರ್ ಬಾಹ್ಯಾಕಾಶ ನೌಕೆಯಲ್ಲಿ ಧನ ವಿದ್ಯುತ್ತಿನ ಹನಿಗಳನ್ನು ಚಿಮ್ಮಿಸಿ ನೌಕೆಯನ್ನು ಕೂದಲೆಳೆಯಷ್ಟು ತಳ್ಳುವ ಪುಟಾಣಿ ಎಂಜಿನ್‌ಗಳಿದ್ದವು. ಧನ ಹೊರಹೋದಂತೆ ನೌಕೆಯ ಮೈಯಲ್ಲಿ ಋಣ ಉಳಿಯುತ್ತದೆ. ಅದನ್ನು ಸರಿದೂಗಿಸಲು ಎಲೆಕ್ಟ್ರಾನ್ ಹೊರಬಿಡುವ ನ್ಯಾನೋಟ್ಯೂಬ್ ಕ್ಯಾಥೋಡ್ ಜೊತೆಯಲ್ಲಿತ್ತು. ಅಲ್ಲಿ ಪಂಪೂ ಬೇಡ, ಕರೆಂಟ್ ಹೋಗುವ ಭಯವೂ ಇಲ್ಲ!

ಇನ್ನು ಕರ್ಪೂರ. ಮಗಳು ಓದಿರುವುದು ಸುಳ್ಳಲ್ಲ. ಜಪಾನಿನ ನಗೋಯಾದಲ್ಲಿ ಮುಕುಲ್ ಕುಮಾರ್ ಮತ್ತು ಯೊಶಿನೊರಿ ಆಂಡೊ ಕರ್ಪೂರದಿಂದಲೇ ಸೊಗಸಾದ ನ್ಯಾನೋಟ್ಯೂಬ್ ಬೆಳೆಸಿ, ಅದರಿಂದ ಎಲೆಕ್ಟ್ರಾನ್ ಹೊರಡಿಸಿಯೂ ತೋರಿಸಿದ್ದಾರೆ. ಆದರೆ ಅವರು ಕರ್ಪೂರವನ್ನು ಸುಡಲಿಲ್ಲ. ಗಾಳಿಯೇ ಇಲ್ಲದ ಗಾಜಿನ ಕೊಳವೆಯಲ್ಲಿ, ಕಬ್ಬಿಣ ಇರುವ ಫೆರೋಸೀನ್ ಎಂಬ ಪುಡಿಯ ಜೊತೆ ಆವಿ ಮಾಡಿ, 900 ಡಿಗ್ರಿಯ ಆಸುಪಾಸಿನಲ್ಲಿ ಒಡೆದರು. ಕಬ್ಬಿಣದ ಒಂದೊಂದು ಕಣವೂ ಬೀಜದ ಹಾಗೆ, ಅದರಿಂದ ಒಂದೊಂದು ನಳಿಗೆ ಚಿಗುರುತ್ತದೆ. ಮಂಗಳಾರತಿ ತಟ್ಟೆಗೆ ಹಿಡಿಯುವ ಮಸಿಯಲ್ಲಿ ಇರುವುದು ಹೆಚ್ಚಾಗಿ ಗುಂಡು ಗುಂಡು ಇಂಗಾಲದ ಕಣ, ನಳಿಗೆಯಲ್ಲ. ಇದ್ದರೂ ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಇನ್ನೊಂದು ಭಯವೂ ಇದೆ. ಉದ್ದನೆಯ ನ್ಯಾನೋಟ್ಯೂಬುಗಳು ಇಲಿಗಳ ದೇಹದಲ್ಲಿ ಕಲ್ನಾರಿನಂಥ (ಆಸ್ಬೆಸ್ಟಾಸ್) ಹಾನಿ ಮಾಡಿದ್ದನ್ನು 2008ರಲ್ಲೇ ತೋರಿಸಿದ್ದಾರೆ. ಪುಡಿಯಾಗಿ ಹಾರುವುದನ್ನು ಉಸಿರಿನಲ್ಲಿ ಎಳೆದುಕೊಳ್ಳಬಾರದು. ಆ ಪ್ರಾಜೆಕ್ಟ್ ಬೇಡ.

ಬದಲಿಗೆ ದೋಟಿಯನ್ನೇ ಪ್ರಾಜೆಕ್ಟ್ ಮಾಡಲಿ. ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ, ಒಣ ಬಿದಿರಿನಲ್ಲಿ ಹರಿಯುವುದಿಲ್ಲ ಅನ್ನುವಷ್ಟು ಕಡಿಮೆ. ಒಂದು ಮಲ್ಟಿಮೀಟರ್ ತಂದು, ಎರಡರ ತುಂಡನ್ನೂ ಒಂದೇ ಉದ್ದಕ್ಕೆ ಕತ್ತರಿಸಿ, ಕಾರ್ಬನ್ ತುಂಡಿನ ಎರಡು ತುದಿಯ ಬಣ್ಣವನ್ನು ಮರಳು ಕಾಗದದಿಂದ ಉಜ್ಜಿ ತೆಗೆದು ಅಳೆಯಲಿ. ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿ, ತುಂಡನ್ನು ಒದ್ದೆ ಮಾಡಿಕೊಂಡರೆ ಇನ್ನೂ ಒಳ್ಳೆಯದು. ತೋಟದ ಮೇಲೆ ಹಾದುಹೋಗುವ ವಿದ್ಯುತ್ ಲೈನಿನ ಹತ್ತಿರ ಕಾರ್ಬನ್ ದೋಟಿ ಎತ್ತಬಾರದು ಅಂತ ಯಾಕೆ ಹೇಳುತ್ತಾರೆ ಅನ್ನುವುದು ಆ ಮೀಟರಿನಲ್ಲೇ ಕಾಣುತ್ತದೆ. ಅವಳು ಬರೆದ ಅಂಕಿಗಳನ್ನು ಕೊನೆಗಾರನಿಗೂ ತೋರಿಸಿ. ಮುರಿದ ದೋಟಿಯ ತುಂಡು ಊರಲ್ಲಿ ಯಾರ ಮನೆ ಅಟ್ಟದಲ್ಲಾದರೂ ಸಿಕ್ಕೀತು, ಹೊಸದನ್ನು ಮಾತ್ರ ಕತ್ತರಿಸಲು ಬಿಡಬೇಡಿ.